ಕೊಯ್ಯುವ ಮುನ್ನ ಗಂಟಿನ ಗುರುತು ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಗುಟ್ಕಾ, ಹೊಗೆಸೊಪ್ಪು, ಬಾಯಿ ಕ್ಯಾನ್ಸರ್ ಬಗ್ಗೆ ಪತ್ರಿಕೆಗಳು ಬಿಡದೆ ಬರೆದದ್ದರಿಂದ ನಮ್ಮ ಎರಡು ಜಿಲ್ಲೆಗಳಲ್ಲಿ ಒಂದು ಎಚ್ಚರ ಮೂಡಿದೆ. ಬಾಯಲ್ಲಿ ಹುಣ್ಣು ಮಾಯದಿದ್ದರೆ ತೋರಿಸಿಕೊಳ್ಳಬೇಕು ಎಂಬುದು ಅರಕಲಗೂಡಿನ ಹಳ್ಳಿಯವರಿಗೂ ಗೊತ್ತು, ಕೊಪ್ಪ, ಮೂಡಿಗೆರೆಯ ತೋಟದ ಲೈನ್ ಮನೆಗಳಲ್ಲಿರುವವರಿಗೂ ಗೊತ್ತು. ಆದರೆ ಹುಣ್ಣಾಗದ, ನೋಯದ, ರಕ್ತ ಬಾರದ, ವರ್ಷಗಟ್ಟಲೆ ಸುಮ್ಮನೆ ಕುಳಿತಿರುವ ಗಂಟಿನ ಬಗ್ಗೆ ಮಾತಾಡುವವರು ಕಡಿಮೆ. ಅಂಗುಳದ ಮೇಲೊಂದು ಉಬ್ಬು, ಮೇಲ್ದುಟಿಯೊಳಗೆ ಗೋಲಿಯಂಥದ್ದೊಂದು, ಕಿವಿಯ ಕೆಳಗೆ ಅಡಿಕೆ ಗಾತ್ರದ ಗಂಟು. ‘ನೋವಿಲ್ಲವಲ್ಲ, ಇರಲಿ ಬಿಡಿ’ ಎಂದು ಮನೆಯವರೂ ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ.

ಇವುಗಳಲ್ಲಿ ಅನೇಕವು ಲಾಲಾಗ್ರಂಥಿಗಳ, ಅಂದರೆ ಜೊಲ್ಲು ಸುರಿಸುವ ಗ್ರಂಥಿಗಳ ಗಡ್ಡೆಗಳು. ಒಟ್ಟಾರೆ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಗೆಂದು ಹೇಗೆ ಬೇಕಾದರೂ ಕೈಯಾಡಿಸಬಹುದಾದ ಗಂಟುಗಳೂ ಅಲ್ಲ. ಮೊದಲು ಕೈ ಹಚ್ಚಿದವರು ಏನು ಮಾಡಿದರು ಎಂಬುದರ ಮೇಲೆ ರೋಗಿಯ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ. ಆ ಮೊದಲ ಕೈ ಬಹಳ ಸಲ ಹಲ್ಲಿನ ಡಾಕ್ಟರದ್ದೇ. ಆದ್ದರಿಂದ ಈ ಪತ್ರ ಅರ್ಧ ನಿಮ್ಮ ಓದುಗರಿಗೆ, ಅರ್ಧ ನಮ್ಮ ವೃತ್ತಿಬಾಂಧವರಿಗೆ.

ಮೊದಲು ಗ್ರಂಥಿಗಳು ಎಲ್ಲಿವೆ ಎಂದು ನೋಡೋಣ. ದೊಡ್ಡವು ಮೂರು ಜೊತೆ. ಕಿವಿಯ ಮುಂದೆ ಮತ್ತು ಕೆಳಗೆ ಹರಡಿಕೊಂಡಿರುವ ಪೆರೋಟಿಡ್ (ಮಂಗನಬಾವು ಬಂದಾಗ ಊದುವುದು ಇದೇ), ಕೆಳದವಡೆಯ ಅಂಚಿನಡಿಯ ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯಡಿಯ ಸಬ್‌ಲಿಂಗ್ವಲ್. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆ ಎಲ್ಲ ಸೇರಿ 600ರಿಂದ 1000ದಷ್ಟು ಸಣ್ಣ ಗ್ರಂಥಿಗಳು ಚೆದುರಿಕೊಂಡಿವೆ. ಗಡ್ಡೆ ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ಏಳಬಹುದು. ನೆನಪಿಡಬೇಕಾದ ಒಂದು ಲೆಕ್ಕವಿದೆ: ಗ್ರಂಥಿ ಚಿಕ್ಕದಾದಷ್ಟೂ ಗಡ್ಡೆಯ ಮೇಲೆ ಅನುಮಾನ ದೊಡ್ಡದಾಗಬೇಕು. ಪೆರೋಟಿಡ್‌ನಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ 75ರಿಂದ 80 ಸಾಧು ಗಡ್ಡೆಗಳು, ಅಂದರೆ ಕ್ಯಾನ್ಸರ್ ಅಲ್ಲದವು. ದವಡೆಯಡಿಯ ಗ್ರಂಥಿಯಲ್ಲಿ ಹತ್ತಕ್ಕೆ ನಾಲ್ಕೈದು ಕ್ಯಾನ್ಸರ್ ಆಗಿರುತ್ತವೆ. ಬಾಯೊಳಗಿನ ಸಣ್ಣ ಗ್ರಂಥಿಗಳಲ್ಲಿ ಸುಮಾರು ಅರ್ಧದಷ್ಟು. ನಾಲಿಗೆಯಡಿಯ ಗ್ರಂಥಿಯ ಗಡ್ಡೆಯಾದರೆ ಬಹುಪಾಲು ಕ್ಯಾನ್ಸರೇ. ಹೊರಗೆ ಎಲ್ಲರಿಗೂ ಕಾಣುವ ಕಿವಿಯಡಿಯ ಗಂಟಿಗೆ ಜನ ಹೆದರುತ್ತಾರೆ, ಕನ್ನಡಿಗೂ ಕಾಣದ ಅಂಗುಳದ ಗಂಟಿಗೆ ಹೆದರುವುದಿಲ್ಲ. ಇರಬೇಕಾದ್ದು ತಿರುಗುಮುರುಗು.

ಸಾಧು ಗಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಪ್ಲಿಯೋಮಾರ್ಫಿಕ್ ಅಡಿನೋಮಾ. ಹೆಚ್ಚಾಗಿ 30ರಿಂದ 60ರ ವಯಸ್ಸಿನವರಲ್ಲಿ, ಹೆಂಗಸರಲ್ಲಿ ತುಸು ಜಾಸ್ತಿ. ಮುಟ್ಟಿದರೆ ರಬ್ಬರಿನಂತೆ ಬಿಗಿ, ಮೇಲ್ಮೈ ಅಲ್ಲಲ್ಲಿ ಉಬ್ಬುತಗ್ಗು. ಕೆನ್ನೆಯಲ್ಲೋ ತುಟಿಯಲ್ಲೋ ಇದ್ದರೆ ಬೆರಳಡಿಯಲ್ಲಿ ಜಾರುತ್ತದೆ. ಅಂಗುಳದಲ್ಲಿ ಮಾತ್ರ ಅಲುಗಾಡುವುದಿಲ್ಲ, ಏಕೆಂದರೆ ಅಲ್ಲಿನ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ‘ಅಲುಗಾಡುತ್ತಿಲ್ಲ, ಆದ್ದರಿಂದ ಕ್ಯಾನ್ಸರ್’ ಎಂಬ ತೀರ್ಮಾನ ಅಂಗುಳದಲ್ಲಿ ನಿಲ್ಲದು. ಎರಡನೆಯದು ವಾರ್ಥಿನ್ ಗಡ್ಡೆ. ಬಹುತೇಕ ಪೆರೋಟಿಡ್‌ನ ಕೆಳತುದಿಯಲ್ಲೇ, ಬೀಡಿ ಸಿಗರೇಟು ಸೇದುವ ಹಿರಿಯ ಗಂಡಸರಲ್ಲಿ ಹೆಚ್ಚು. ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಇರಬಹುದು, ಆದ್ದರಿಂದ ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆಯನ್ನೂ ಮುಟ್ಟಿ ನೋಡಲೇಬೇಕು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವಾರ್ಥಿನ್ ಒಂದನ್ನು ಬಿಟ್ಟರೆ ಈ ಗಡ್ಡೆಗಳಿಗೂ ತಂಬಾಕಿಗೂ ನೇರ ನಂಟಿಲ್ಲ. ‘ನಮ್ಮಮ್ಮ ಎಲೆಅಡಿಕೆಯನ್ನೂ ಹಾಕೋಲ್ಲ, ಅವರಿಗೆ ಗಡ್ಡೆ ಹೇಗೆ ಬರುತ್ತೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಜಾಗಕ್ಕೆ ಬರೋಣ: ಅಂಗುಳ. ಗಟ್ಟಿ ಅಂಗುಳ ಮುಗಿದು ಮೆತ್ತನೆಯದು ಶುರುವಾಗುವ ಕಡೆ, ನಡುಗೆರೆಯ ಪಕ್ಕಕ್ಕೆ, ದವಡೆ ಹಲ್ಲುಗಳ ಸಾಲಿನ ಒಳಗೆ ಒಂದು ಉಬ್ಬು. ಮೇಲಿನ ಚರ್ಮ ನುಣುಪಾಗಿ, ಗುಲಾಬಿ ಬಣ್ಣದಲ್ಲೇ ಇರುತ್ತದೆ. ಅದೇ ಸಾಲಿನಲ್ಲಿ ಹುಳುಕು ಹಿಡಿದ ಒಂದು ಹಲ್ಲು ಇದ್ದೇ ಇರುತ್ತದೆ, ನಮ್ಮ ಕಡೆ ಹುಳುಕಿಲ್ಲದ ಬಾಯಿ ಸಿಗುವುದು ಕಷ್ಟ. ‘ಹಲ್ಲಿನ ಕೀವು ಅಂಗುಳಕ್ಕೆ ಇಳಿದಿದೆ’ ಎಂದು ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ 5 ದಿನ ಬರೆದುಕೊಡಲಾಗುತ್ತದೆ. ಇಳಿಯದಿದ್ದರೆ ಇನ್ನೊಂದು ಕೋರ್ಸ್. ಆಮೇಲೆ ಹಲ್ಲು ಕೀಳುವುದು. ಆಗಲೂ ಇಳಿಯದಿದ್ದರೆ ಬ್ಲೇಡಿನಿಂದ ಒಂದು ಗೀಟು. ಕೀವು ಬರುವುದಿಲ್ಲ, ರಕ್ತ ಬರುತ್ತದೆ. ಗಡ್ಡೆಯ ಪೊರೆ ಹರಿದಿರುತ್ತದೆ.

ಇದನ್ನು ತಪ್ಪಿಸಲು ದುಬಾರಿ ಯಂತ್ರ ಬೇಕಿಲ್ಲ. ಕೀವಿನ ಬಾವು ದಿನಗಳಲ್ಲಿ ಏಳುತ್ತದೆ, ಮುಟ್ಟಿದರೆ ರೋಗಿ ಹೌಹಾರುತ್ತಾರೆ, ಸಾಮಾನ್ಯವಾಗಿ ವಸಡಿನ ಅಂಚಿಗೆ ಹತ್ತಿರದಲ್ಲಿರುತ್ತದೆ, ಒತ್ತಿದರೆ ಒಳಗೆ ದ್ರವ ಓಡಾಡಿದಂತಾಗುತ್ತದೆ. ಗಡ್ಡೆ ತಿಂಗಳು, ವರ್ಷಗಳಲ್ಲಿ ಬೆಳೆದದ್ದು. ಸಂದೇಹವಿದ್ದರೆ ಆ ಬದಿಯ ಪ್ರತಿ ಹಲ್ಲಿಗೂ ತಣ್ಣನೆಯ ಪರೀಕ್ಷೆ ಮಾಡಿ, ಮಿರರ್ ಹಿಡಿಯಿಂದ ತಟ್ಟಿ ನೋಡಿ, ಪ್ರೋಬ್ ಹಾಕಿ ವಸಡಿನ ಆಳ ಅಳೆಯಿರಿ, ಬೇರಿನ ತುದಿ ಕಾಣುವಂತೆ ಎಕ್ಸ್‌ರೇ ತೆಗೆಯಿರಿ. ಅಂಗುಳಕ್ಕೆ ಕೀವು ಇಳಿಸುವುದು ಹೆಚ್ಚಾಗಿ ಮೇಲಿನ ಎರಡನೇ ಬಾಚಿಹಲ್ಲು ಮತ್ತು ದವಡೆ ಹಲ್ಲಿನ ಅಂಗುಳ ಕಡೆಯ ಬೇರು. ಈ ಹಲ್ಲುಗಳಿಗೆ ಜೀವವಿದ್ದು, ವಸಡಿನಲ್ಲಿ ಆಳದ ಪಾಕೆಟ್ಟೂ ಇಲ್ಲದೆ, ಬೇರಿನ ತುದಿ ಚೊಕ್ಕವಾಗಿದ್ದರೆ ಉಬ್ಬು ಹಲ್ಲಿನದಲ್ಲ. ಸತ್ತ ಹಲ್ಲು ಸಿಕ್ಕಿತೆಂದು ಅಲ್ಲಿಗೆ ನಿಲ್ಲಲೂಬಾರದು. ಸತ್ತ ಹಲ್ಲೂ ಗಡ್ಡೆಯೂ ಒಂದೇ ಬಾಯಲ್ಲಿ ಇರಬಹುದು. ರೂಟ್ ಕೆನಾಲ್ ಆಗಿ ಎರಡು ವಾರದಲ್ಲಿ ಉಬ್ಬು ಇಳಿಯದಿದ್ದರೆ ಮೊದಲಿನ ನಿರ್ಣಯವನ್ನು ಕೈಬಿಟ್ಟು ಹೊಸದಾಗಿ ಯೋಚಿಸಬೇಕು.

ಕೊಯ್ಯಲೇಬೇಕೆನಿಸಿದರೂ ಅದಕ್ಕೆ ಮುನ್ನ 18 ಗೇಜಿನ ದಪ್ಪ ಸೂಜಿ ಹಾಕಿ ಸಿರಿಂಜ್ ಎಳೆದು ನೋಡಿ. ಕೀವು ಬಂದರೆ ಬಾವು. ಹೊಸ ರಕ್ತ ಸರಾಗವಾಗಿ ತುಂಬಿದರೆ ರಕ್ತನಾಳದ ಗಡ್ಡೆಯ ಅನುಮಾನ, ಆ ಕುರ್ಚಿಯಲ್ಲಿ ಕತ್ತಿ ಹಿಡಿಯಬಾರದು. ಏನೂ ಬರದಿದ್ದರೆ ಒಳಗಿರುವುದು ಗಟ್ಟಿ ಗಡ್ಡೆ, ಆಗಲೂ ಕತ್ತಿ ಬೇಡ. ಒಂದು ನಿಮಿಷದ ಕೆಲಸ ಇದು.

ನಡುಗೆರೆಯ ಮೇಲೆಯೇ ಮೂಳೆಯಷ್ಟು ಗಟ್ಟಿಯಾಗಿರುವ ಉಬ್ಬು ಟೋರಸ್, ಅದು ಗಡ್ಡೆಯಲ್ಲ, ಸಾಮಾನ್ಯವಾಗಿ ಮುಟ್ಟಬೇಕಾಗಿಯೂ ಇಲ್ಲ. ಇನ್ನೊಂದು ಮೋಸ ಮಾಡುವ ಸ್ಥಿತಿ ಇದೆ. ನೆಕ್ರೋಟೈಸಿಂಗ್ ಸಯಾಲೋಮೆಟಾಪ್ಲೇಸಿಯಾ ಎಂಬುದು ಅಂಗುಳದಲ್ಲಿ ಇದ್ದಕ್ಕಿದ್ದಂತೆ ಉಬ್ಬಿ, ಕುಳಿ ಬಿದ್ದ ಹುಣ್ಣಾಗಿ, ಕ್ಯಾನ್ಸರಿನಂತೆಯೇ ಕಂಡು, 6ರಿಂದ 10 ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಬಯಾಪ್ಸಿ (ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಓದಿದವರು ಅನುಭವಿಗಳಲ್ಲದಿದ್ದರೆ ಇದನ್ನು ಕ್ಯಾನ್ಸರ್ ಎಂದು ಬರೆದುಬಿಡುವ ಅಪಾಯವಿದೆ. ಹಾಗಾಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಸ್ಲೈಡನ್ನು ಬಾಯಿಯ ರೋಗಗಳ ಪೆಥಾಲಜಿ ಬಲ್ಲ ಇನ್ನೊಬ್ಬರಿಗೆ ತೋರಿಸುವುದು ಒಳ್ಳೆಯದು.

ಮೇಲಿನ ಸೆಟ್ ಹಲ್ಲು ಹಾಕಿಕೊಂಡವರ ವಿಷಯ ಬೇರೆ. ‘ಸೆಟ್ ಕೂರುತ್ತಿಲ್ಲ, ಆಡುತ್ತಿದೆ’ ಎಂದು ಬರುತ್ತಾರೆ. ಒಳಗೆ ಒತ್ತುವ ಜಾಗವನ್ನು ಉಜ್ಜಿ ಸವೆಸಿ ಕೊಟ್ಟು ಕಳಿಸುವುದು ಸುಲಭ. ಆರು ತಿಂಗಳಿಗೆ ಮತ್ತೆ ಬಂದರೆ ಮತ್ತೆ ಸವೆಸುವುದು. ಪ್ಲೇಟಿನಲ್ಲಿ ಕುಳಿ ಆಳವಾಗುತ್ತ ಹೋಗಿರುತ್ತದೆ, ಆ ಕುಳಿಯ ಆಕಾರವೇ ಗಡ್ಡೆಯ ಆಕಾರ. ಉಚಿತ ದಂತ ಶಿಬಿರಗಳಲ್ಲೂ ಇದೇ ಕೊರತೆ: ಟಾರ್ಚ್ ಹಿಡಿದು ಹಲ್ಲು ಎಣಿಸುತ್ತೇವೆ, ಹುಳುಕು ಬರೆದುಕೊಳ್ಳುತ್ತೇವೆ, ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡುವುದಿಲ್ಲ. ಸೆಟ್ ತೆಗೆಸಿ, ಗ್ಲೌಸ್ ಹಾಕಿದ ತೋರುಬೆರಳನ್ನು ಮುಂಬಲ್ಲಿನ ಹಿಂದಿನಿಂದ ಅಂಗುಳದ ಕೊನೆಯವರೆಗೆ ಎರಡೂ ಬದಿ ಒಮ್ಮೆ ಎಳೆಯಿರಿ. ಹತ್ತು ಸೆಕೆಂಡು ಸಾಕು.

ತುಟಿಯಲ್ಲಿ ಮೇಲು ಕೆಳಗು ಬೇರೆ ಬೇರೆ. ಕೆಳದುಟಿಯೊಳಗೆ ಹುಡುಗ ಹುಡುಗಿಯರಲ್ಲಿ ಕಾಣುವ, ನಸುನೀಲಿಯ, ಒಡೆದು ಮತ್ತೆ ತುಂಬುವ ಗುಳ್ಳೆ ಹೆಚ್ಚಾಗಿ ಮ್ಯೂಕೋಸೀಲ್. ಹಲ್ಲು ಕಚ್ಚಿ ಜೊಲ್ಲಿನ ನಾಳ ಹರಿದು ಆದದ್ದು, ಗಡ್ಡೆಯಲ್ಲ. ಮೇಲ್ದುಟಿಯಲ್ಲಿ ಮ್ಯೂಕೋಸೀಲ್ ಅಪರೂಪ. ಅಲ್ಲಿ ಗಟ್ಟಿ ಗೋಲಿ ಸಿಕ್ಕರೆ ಗಡ್ಡೆಯೆಂದೇ ಹಿಡಿಯಬೇಕು, ಹೆಚ್ಚಾಗಿ ಸಾಧು ಗಡ್ಡೆಯೇ ಆಗಿರುತ್ತದೆ. ಕೆಳದುಟಿಯಲ್ಲಿ ಒಡೆಯದ, ತುಂಬದ, ಗಟ್ಟಿ ಗಂಟು ಇದ್ದರೆ ಕ್ಯಾನ್ಸರಿನ ಅನುಮಾನ ಹೆಚ್ಚು.

ದವಡೆಯಡಿಯ ಊತಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ: ಊಟದ ಹೊತ್ತಿಗೆ ಉಬ್ಬಿ ಆಮೇಲೆ ಇಳಿಯುತ್ತದೆಯೇ? ಹೌದಾದರೆ ನಾಳದಲ್ಲಿ ಕಲ್ಲು ಇರಬೇಕು. ಜೊಲ್ಲುಗ್ರಂಥಿಯ ಕಲ್ಲುಗಳಲ್ಲಿ ನೂರಕ್ಕೆ 80ರಷ್ಟು ಈ ಗ್ರಂಥಿಯಲ್ಲೇ ಆಗುವುದು. ಊಟಕ್ಕೂ ಅದಕ್ಕೂ ಸಂಬಂಧವಿಲ್ಲದೆ ಯಾವಾಗಲೂ ಅಷ್ಟೇ ಇದ್ದರೆ ಗಡ್ಡೆ. ಒಂದು ಬೆರಳು ನಾಲಿಗೆಯಡಿ, ಇನ್ನೊಂದು ಕೈ ಹೊರಗೆ ದವಡೆಯಡಿ ಇಟ್ಟು ಎರಡರ ನಡುವೆ ಹಿಡಿದು ನೋಡಿದರೆ ಮಾತ್ರ ಗಾತ್ರ ತಿಳಿಯುತ್ತದೆ. ಹೊರಗಿನಿಂದ ಮಾತ್ರ ಮುಟ್ಟಿದರೆ ಗ್ರಂಥಿಯೋ, ಪಕ್ಕದ ದುಗ್ಧರಸ ಗ್ರಂಥಿಯೋ (ಲಿಂಫ್ ನೋಡ್) ಎಂದು ಗೊತ್ತಾಗುವುದಿಲ್ಲ.

ಕಿವಿಯಡಿಯ ಗಂಟಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಮುಖದ ಸ್ನಾಯುಗಳನ್ನು ಆಡಿಸುವ ನರ ಪೆರೋಟಿಡ್ ಒಳಗಿನಿಂದಲೇ ಕವಲೊಡೆದು ಹಾಯುತ್ತದೆ. ಹುಬ್ಬು ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಊದಿಸಿ, ಹಲ್ಲು ತೋರಿಸಿ ಎಂದು ಹೇಳಿ ಎರಡೂ ಬದಿ ಹೋಲಿಸಬೇಕು. ಸಾಧು ಗಡ್ಡೆ ನಿಂಬೆಹಣ್ಣಿನಷ್ಟಾದರೂ ಈ ನರವನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ. ಗಂಟಿರುವ ಬದಿಯಲ್ಲಿ ಬಾಯಿ ವಾಲಿದ್ದರೆ, ರೆಪ್ಪೆ ಮುಚ್ಚದಿದ್ದರೆ, ಜೋಮು ಹಿಡಿದಿದ್ದರೆ, ವರ್ಷಗಳಿಂದ ಸುಮ್ಮನಿದ್ದದ್ದು ಇದ್ದಕ್ಕಿದ್ದಂತೆ ದೊಡ್ಡದಾಗಿದ್ದರೆ, ಚರ್ಮಕ್ಕೆ ಅಂಟಿಕೊಂಡಿದ್ದರೆ, ಕುತ್ತಿಗೆಯಲ್ಲಿ ಬೇರೆ ಗಂಟು ಸಿಕ್ಕರೆ ಅದೇ ವಾರ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಪೆರೋಟಿಡ್‌ನ ಒಳಭಾಗದ ಗಡ್ಡೆ ಹೊರಗೆ ಕಾಣದೆ ಗಂಟಲ ಕಡೆಗೆ ಬೆಳೆದು ಮೆತ್ತನೆಯ ಅಂಗುಳವನ್ನೂ ಟಾನ್ಸಿಲನ್ನೂ ಒಳಕ್ಕೆ ತಳ್ಳುವುದುಂಟು. ಜ್ವರವಿಲ್ಲ, ನೋವಿಲ್ಲ, ಆದರೆ ಒಂದು ಟಾನ್ಸಿಲ್ ಮಾತ್ರ ಮುಂದೆ ಬಂದಂತಿದೆ ಎಂದರೆ ಅದನ್ನು ಬಾಯೊಳಗಿನಿಂದ ಚುಚ್ಚಬಾರದು, ಕೊಯ್ಯಬಾರದು.

ಪರೀಕ್ಷೆಯ ಕ್ರಮದಲ್ಲೂ ಒಂದು ಹಿಂದುಮುಂದು ಇದೆ. ಸ್ಕ್ಯಾನ್ ಮೊದಲು, ಬಯಾಪ್ಸಿ ಆಮೇಲೆ. ತುಣುಕು ತೆಗೆದ ಮೇಲೆ ಅಲ್ಲಿ ರಕ್ತ ಕಟ್ಟಿ ಊದಿರುತ್ತದೆ, ಆಮೇಲಿನ ಎಂಆರ್‌ಐಯಲ್ಲಿ ಗಡ್ಡೆಯ ಅಂಚು ಯಾವುದು, ಊತ ಯಾವುದು ಎಂದು ಬಿಡಿಸುವುದು ಕಷ್ಟ. ಕಿವಿಯಡಿ ಮತ್ತು ದವಡೆಯಡಿಯ ಗಂಟಿಗೆ ಅಲ್ಟ್ರಾಸೌಂಡ್‌ನಿಂದ ಶುರು ಮಾಡಿದರೆ ಸಾಕು, ಆಳದ್ದು ಅನಿಸಿದರೆ ಎಂಆರ್‌ಐ. ಅಂಗುಳಕ್ಕೆ ಸಿಟಿ ಬೇಕು, ಮೂಳೆ ನೋಡಲು. ಮೂಳೆ ತಟ್ಟೆಯಂತೆ ನಯವಾಗಿ ತಗ್ಗಿದ್ದರೆ ಗಡ್ಡೆ ನಿಧಾನವಾಗಿ ಒತ್ತಿದೆ ಎಂದರ್ಥ. ಹುಳು ತಿಂದಂತೆ ಅಂಚು ಹರಿದಿದ್ದರೆ ಕ್ಯಾನ್ಸರಿನ ಕಡೆ ಬೊಟ್ಟು ಮಾಡುತ್ತದೆ.

ದೊಡ್ಡ ಗ್ರಂಥಿಗಳ ಗಂಟಿಗೆ ಎಫ್‌ಎನ್‌ಎಸಿ ಸರಿಯಾದ ದಾರಿ. 23ರಿಂದ 25 ಗೇಜಿನ ಸಣ್ಣ ಸೂಜಿಯಿಂದ ಜೀವಕೋಶ ಎಳೆದು ನೋಡುವುದು, ಹೊಲಿಗೆ ಬೇಕಿಲ್ಲ. ಇದರ ವರದಿಗೆ 2018ರಿಂದ ಮಿಲಾನ್ ಪದ್ಧತಿ ಎಂಬ ಆರು ವರ್ಗಗಳ ಕ್ರಮ ಬಂದಿದೆ. ವರ್ಗದ ಸಂಖ್ಯೆ ಇದ್ದರೆ ಮುಂದೇನು ಮಾಡಬೇಕೆಂದು ಶಸ್ತ್ರವೈದ್ಯರಿಗೆ ತಕ್ಷಣ ತಿಳಿಯುತ್ತದೆ, ಆದ್ದರಿಂದ ಲ್ಯಾಬಿನವರನ್ನು ಅದರಲ್ಲೇ ಬರೆಯಲು ಕೇಳಬೇಕು. ಪೆರೋಟಿಡ್‌ಗೆ ಹೊರಗಿನಿಂದ ಕೊಯ್ದು ತುಣುಕು ತೆಗೆಯುವ ಬಯಾಪ್ಸಿ ಮಾಡಬಾರದು. ಗಡ್ಡೆಯ ಕೋಶಗಳು ಗಾಯದೊಳಗೆಲ್ಲ ಚೆಲ್ಲುತ್ತವೆ, ನರಕ್ಕೂ ಪೆಟ್ಟು ಬೀಳಬಹುದು.

ಅಂಗುಳದ ಗಡ್ಡೆಗೆ ಮಾತ್ರ ತುಣುಕು ತೆಗೆದೇ ನೋಡಬೇಕು. 4 ಅಥವಾ 5 ಮಿಲಿಮೀಟರಿನ ಪಂಚ್ (ದುಂಡನೆಯ ತುಣುಕು ಕೊರೆದು ತೆಗೆಯುವ ಉಪಕರಣ) ಸಾಕು. ಗಡ್ಡೆಯ ನಡುಭಾಗದಲ್ಲಿ, ಮುಂದೆ ಪೂರ್ತಿ ತೆಗೆಯುವಾಗ ಆ ಗಾಯವೂ ಸೇರಿ ಹೋಗುವ ಜಾಗದಲ್ಲಿ ಹಾಕಬೇಕು. ಕೊನೆಯ ದವಡೆ ಹಲ್ಲಿನ ಒಳಬದಿಯಿಂದ ಮುಂದಕ್ಕೆ ಹರಿಯುವ ದೊಡ್ಡ ಅಂಗುಳ ರಕ್ತನಾಳವನ್ನು ತಪ್ಪಿಸಬೇಕು. ಅರಿವಳಿಕೆ ಸೂಜಿ ಗಡ್ಡೆಯೊಳಗೆ ಹೋಗಬಾರದು, ಸುತ್ತ ಹಾಕಬೇಕು. ಒಳಗೆ ಹಾಕಿದರೆ ಅಂಗಾಂಶ ಉಬ್ಬಿ ಸ್ಲೈಡ್ ಕೆಡುತ್ತದೆ. ಸಾಮಾನ್ಯವಾಗಿ ಎಡವುವುದು ಆಳದಲ್ಲಿ. ಹೆದರಿಕೊಂಡು ಮೇಲ್ಮೇಲೆ ತೆಗೆದರೆ ಬರುವುದು ಬರೀ ಬಾಯಿಯ ಚರ್ಮ, ವರದಿಯಲ್ಲಿ ‘ಉರಿಯೂತ ಮಾತ್ರ’ ಎಂದಿರುತ್ತದೆ, ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಅಂಥ ವರದಿ ಬಂದರೆ ಅದನ್ನು ನಂಬದೆ ಮತ್ತೊಮ್ಮೆ ತೆಗೆಯಬೇಕು.

ತುಣುಕನ್ನು ಹಲ್ಲುಳ್ಳ ಚಿಮಟದಿಂದ ಹಿಂಡಬೇಡಿ, ಕಾಟರಿಯಿಂದ ಸುಡಬೇಡಿ. 10 ಶೇಕಡಾ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತು ಪಟ್ಟಿಗೆ ಕಡಿಮೆಯಿಲ್ಲದಷ್ಟು ದ್ರವದಲ್ಲಿ ಮುಳುಗಿಸಿ. ಸಲೈನ್‌ನಲ್ಲಿ ಹಾಕಿ ಕಳಿಸಿದರೆ ದಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ, ಸ್ಪಿರಿಟ್‌ನಲ್ಲಿ ಹಾಕಿದರೆ ಕುಗ್ಗಿ ಸೆಟೆಯುತ್ತದೆ. ಬಾಯಿ ಕಿರಿದಾದ ಬಾಟಲಿಯಲ್ಲಿ ಮೆತ್ತಗಿದ್ದಾಗ ಹೋದದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಹೆಸರಿನ ಚೀಟಿ ಮುಚ್ಚಳಕ್ಕಲ್ಲ, ಬಾಟಲಿಯ ಮೈಗೆ ಅಂಟಿಸಬೇಕು. ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗುವುದು ಹೊಸದಲ್ಲ. ಜೊತೆಗಿನ ಚೀಟಿಯಲ್ಲಿ ‘ಗಂಟು, ಬಾಯಿ’ ಎಂದಷ್ಟೇ ಬರೆದರೆ ಪೆಥಾಲಜಿಸ್ಟ್ ಕುರುಡಾಗಿ ಓದಬೇಕಾಗುತ್ತದೆ. ವಯಸ್ಸು, ನಿಖರ ಜಾಗ, ಎಷ್ಟು ಕಾಲದಿಂದ, ಮಿಲಿಮೀಟರಿನಲ್ಲಿ ಗಾತ್ರ, ನೋವು ಅಥವಾ ಜೋಮು ಇದೆಯೇ, ಮೂಳೆ ಹೇಗಿದೆ, ಇಷ್ಟು ಇರಲಿ. ಸಣ್ಣ ತುಣುಕಿನಲ್ಲಿ ಪ್ಲಿಯೋಮಾರ್ಫಿಕ್ ಅಡಿನೋಮಾವನ್ನು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂಬ ಕ್ಯಾನ್ಸರಿನಿಂದ ಬೇರ್ಪಡಿಸುವುದು ನುರಿತವರಿಗೂ ಕಷ್ಟವಾಗುವ ಸಂದರ್ಭಗಳಿವೆ, ಏಕೆಂದರೆ ಗಡ್ಡೆಯ ಅಂಚು ಪಕ್ಕದ ಅಂಗಾಂಶಕ್ಕೆ ನುಗ್ಗಿದೆಯೇ ಎಂಬುದು ತುಣುಕಿನಲ್ಲಿ ಕಾಣದಿರಬಹುದು. ‘ಪೂರ್ತಿ ತೆಗೆದ ಮೇಲೆ ಖಚಿತವಾಗಿ ಹೇಳಬಹುದು’ ಎಂದು ಬರೆದಿದ್ದರೆ ಅದು ತಪ್ಪಿಸಿಕೊಳ್ಳುವ ಮಾತಲ್ಲ, ಪ್ರಾಮಾಣಿಕ ಮಾತು.

ಚಿಕಿತ್ಸೆಗೆ ಬಂದರೆ, ಪ್ಲಿಯೋಮಾರ್ಫಿಕ್ ಅಡಿನೋಮಾವನ್ನು ಮಾತ್ರೆಯಿಂದ ಕರಗಿಸಲು ಬರುವುದಿಲ್ಲ. ಲೇಪ ಹಚ್ಚಿದರೂ ಸುಣ್ಣ ಹಚ್ಚಿದರೂ ಇಳಿಯದು, ಚರ್ಮ ಮಾತ್ರ ಸುಡುತ್ತದೆ. ತೆಗೆಯಬೇಕು. ಹೇಗೆ ತೆಗೆಯಬೇಕು ಎಂಬುದರಲ್ಲೇ ಎಲ್ಲ ಇದೆ. ಈ ಗಡ್ಡೆಗೆ ಪೊರೆ ಇದೆ, ಆದರೆ ಅದು ಎಲ್ಲ ಕಡೆ ಒಂದೇ ಸಮನಿಲ್ಲ. ಸಣ್ಣ ಗ್ರಂಥಿಗಳ ಗಡ್ಡೆಯಲ್ಲಿ ಅಲ್ಲಲ್ಲಿ ಪೊರೆಯೇ ಇರುವುದಿಲ್ಲ, ಅಲ್ಲಿಂದ ಬೆರಳಿನಂಥ ಸಣ್ಣ ಚಾಚುಗಳು ಹೊರಗೆ ಇಣುಕಿರುತ್ತವೆ. ಕೊಯ್ದು ನೋಡಿದರೆ ಒಳಗೆ ನೀಲಿಬಿಳುಪಿನ ಹೊಳಪು, ಕೆಲವು ಕಡೆ ಮೃದ್ವಸ್ಥಿಯಂತೆ, ಕೆಲವು ಕಡೆ ಲೋಳೆಯಂತೆ. ಆ ಲೋಳೆ ಚೆಲ್ಲಿದಲ್ಲೆಲ್ಲ ಬೀಜ ಬಿತ್ತಿದಂತೆ. ನಮ್ಮ ಹಾಸನದ ಕಡೆ ಶುಂಠಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಗೆಡ್ಡೆ ಕೀಳುವಾಗ ಒಂದು ಬೆರಳು ಮುರಿದು ಮಣ್ಣಲ್ಲಿ ಉಳಿದರೆ ಮುಂದಿನ ಮಳೆಗೆ ಅಲ್ಲೇ ಮೊಳಕೆ. ಬಟಾಣಿ ಸುಲಿದಂತೆ ಗಡ್ಡೆಯನ್ನಷ್ಟೇ ಪೊರೆಯಿಂದ ಬಿಡಿಸಿ ತೆಗೆಯುತ್ತಿದ್ದ ಕಾಲದಲ್ಲಿ ನೂರಕ್ಕೆ 20ರಿಂದ 45 ಮಂದಿಯಲ್ಲಿ ಗಡ್ಡೆ ಮರಳಿ ಬರುತ್ತಿತ್ತು. ಸುತ್ತಲಿನ ಆರೋಗ್ಯವಂತ ಅಂಗಾಂಶದ ಪಟ್ಟಿಯೊಂದಿಗೆ ತೆಗೆಯಲು ಶುರು ಮಾಡಿದ ಮೇಲೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ. ಮರಳಿ ಬಂದಾಗ ಸಾಮಾನ್ಯವಾಗಿ ಒಂದೇ ಗಂಟಾಗಿ ಬರುವುದಿಲ್ಲ, ಗಾಯದ ಉದ್ದಕ್ಕೂ ಹತ್ತಾರು ಕಾಳುಗಳಾಗಿ ಬರುತ್ತದೆ. ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ನರ ಉಳಿಸುವುದು ಮೊದಲಿನದಕ್ಕಿಂತ ಎಷ್ಟೋ ಕಷ್ಟ.

ತೆಗೆಯದೆ ಬಿಟ್ಟರೆ? ವರ್ಷ ಕಳೆದಂತೆ ಕ್ಯಾನ್ಸರಿಗೆ ತಿರುಗುವ ಸಂಭವ ಏರುತ್ತದೆ. ಮೊದಲ 5 ವರ್ಷಗಳಲ್ಲಿ ನೂರಕ್ಕೆ ಒಂದೂವರೆಯಷ್ಟಿದ್ದದ್ದು 15 ವರ್ಷ ದಾಟಿದಾಗ ಹತ್ತರ ಹತ್ತಿರಕ್ಕೆ ಹೋಗುತ್ತದೆ. ‘ಹತ್ತು ವರ್ಷದಿಂದ ಇದೆ, ಏನೂ ಆಗಿಲ್ಲ’ ಎಂಬುದು ಧೈರ್ಯದ ಮಾತಲ್ಲ. ವಾರ್ಥಿನ್ ಗಡ್ಡೆಯದು ಬೇರೆ. ಅದು ಕ್ಯಾನ್ಸರಿಗೆ ತಿರುಗುವುದು ತೀರ ಅಪರೂಪ, ಸೂಜಿ ಪರೀಕ್ಷೆಯಲ್ಲಿ ಖಚಿತವಾಗಿದ್ದರೆ ವಯಸ್ಸಾದವರಲ್ಲಿ ಕೊಯ್ಯದೆ ನಿಗಾ ಇಟ್ಟರೂ ನಡೆಯುತ್ತದೆ.

ದಂತ ಕ್ಲಿನಿಕ್ಕಿನ ಕುರ್ಚಿಯಲ್ಲಿ ತೆಗೆಯಬಹುದಾದದ್ದು, ನಮ್ಮ ಅಭಿಪ್ರಾಯದಲ್ಲಿ, ಮೇಲ್ದುಟಿಯ ಅಥವಾ ಕೆನ್ನೆಯ ಒಳಗಿನ, ಸರಾಗವಾಗಿ ಜಾರುವ, 1 ಸೆಂಟಿಮೀಟರಿಗೆ ಒಳಗಿನ ಗಂಟು ಮಾತ್ರ, ಅದೂ ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಇದ್ದವರಿಂದ. ತುಟಿಯ ಕೆಂಪು ಅಂಚಿನ ಗೆರೆಯನ್ನು ಅರಿವಳಿಕೆ ಕೊಡುವ ಮೊದಲೇ ಗುರುತು ಮಾಡಿಕೊಳ್ಳಬೇಕು, ಕೊಟ್ಟ ಮೇಲೆ ತುಟಿ ಊದಿ ಗೆರೆ ಸಿಗುವುದಿಲ್ಲ, ಹೊಲಿದಾಗ ಅಂಚು ಮೆಟ್ಟಿಲಿನಂತಾಗುತ್ತದೆ. ಗಂಟಿನ ಮೇಲೆ ಬ್ಲೇಡ್ ಆಳಕ್ಕೆ ಹಾಕದೆ, ಮೊಂಡು ಕತ್ತರಿಯಿಂದ ಸುತ್ತ ಬಿಡಿಸುತ್ತ, ಅಂಟಿಕೊಂಡ ಸಣ್ಣ ಗ್ರಂಥಿಗಳ ಗೊಂಚಲನ್ನೂ ಸೇರಿಸಿ ತೆಗೆಯಬೇಕು.

ಅಂಗುಳದ್ದು ಆಸ್ಪತ್ರೆಯ ಕೆಲಸ. ಗಡ್ಡೆಯ ಸುತ್ತ 5 ಮಿಲಿಮೀಟರಿನಿಂದ 1 ಸೆಂಟಿಮೀಟರ್ ಬಿಟ್ಟು ಮೂಳೆಯವರೆಗೆ ಕೊಯ್ದು, ಮೂಳೆಗೆ ಹೊದಿಸಿದ ಪೊರೆಯನ್ನೂ ಸೇರಿಸಿ ಎಬ್ಬಿಸುತ್ತಾರೆ. ಸಾಧು ಗಡ್ಡೆಗೆ ಮೂಳೆ ತೆಗೆಯುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇಲ್ಲಿ ದಂತವೈದ್ಯರ ಪಾಲು ದೊಡ್ಡದು: ಮುಂಚೆಯೇ ಅಚ್ಚು ತೆಗೆಯುವ ಪುಡಿಯಾದ ಆಲ್ಜಿನೇಟ್‌ನಲ್ಲಿ ಅಳತೆ ತೆಗೆದು, ಹಲ್ಲಿಗೆ ಕ್ಲಾಸ್ಪ್ (ತಂತಿಯ ಕೊಂಡಿ) ಹಿಡಿಯುವ ತೆಳು ಅಕ್ರಿಲಿಕ್ ಪ್ಲೇಟ್ ಮಾಡಿಟ್ಟಿರಬೇಕು. ಗಾಯಕ್ಕೆ ಹೊಲಿಗೆ ಹಾಕಲು ಅಂಗುಳದಲ್ಲಿ ಸಡಿಲ ಚರ್ಮವಿಲ್ಲ. ಅಯೋಡೋಫಾರ್ಮ್ ಗಾಜ್ ತುಂಬಿ ಮೇಲೆ ಪ್ಲೇಟ್ ಒತ್ತಿ ಕೂರಿಸಿದರೆ ರಕ್ತವೂ ನಿಲ್ಲುತ್ತದೆ, ನಾಲಿಗೆ ತಾಗುವ ನೋವೂ ಇರುವುದಿಲ್ಲ. ಪ್ಲೇಟ್ ಮಾಡಿಸದೆ ಶಸ್ತ್ರಚಿಕಿತ್ಸೆಗೆ ಹೋದರೆ ಮನೆಗೆ ಬಂದ ರಾತ್ರಿ ರಕ್ತ ಹರಿದು ಬಸ್ ಹಿಡಿದು ವಾಪಸ್ ಓಡಬೇಕಾಗುತ್ತದೆ. ಒಂದು ವಾರ ಹತ್ತು ದಿನಕ್ಕೆ ಗಾಜ್ ತೆಗೆದರೆ ತಳದಿಂದ ಕೆಂಪು ಅಂಗಾಂಶ ತುಂಬಿಕೊಂಡು 4ರಿಂದ 6 ವಾರದಲ್ಲಿ ಮುಚ್ಚುತ್ತದೆ. ಅಷ್ಟು ದಿನ ಗಂಜಿ, ಮೊಸರನ್ನ, ಮೆತ್ತಗಿನ ಮುದ್ದೆ. ಅಕ್ಕಿರೊಟ್ಟಿಯ ಗರಿಗರಿ ಅಂಚೂ, ಸುಡುವ ಕಾಫಿಯೂ ಬೇಡ.

ಪೆರೋಟಿಡ್‌ನಲ್ಲಿ ನರವನ್ನು ಹುಡುಕಿ ಉಳಿಸಿಕೊಂಡು ಹೊರಭಾಗವನ್ನು, ಅಥವಾ ಸಣ್ಣ ಗಡ್ಡೆಯಾದರೆ ಸುತ್ತಲಿನ ಒಂದು ಪಟ್ಟಿಯೊಂದಿಗೆ ಗಡ್ಡೆಯನ್ನು ತೆಗೆಯುತ್ತಾರೆ. ಕೆಲವು ವಾರ ಮುಖದ ಒಂದು ಬದಿ ದುರ್ಬಲವಾಗಿ ಮತ್ತೆ ಸರಿಹೋಗಬಹುದು, ಕಿವಿಯ ಹಾಲೆ ಜೋಮಾಗಿ ಉಳಿಯಬಹುದು. ಇನ್ನೊಂದನ್ನು ರೋಗಿಗೆ ಮೊದಲೇ ಹೇಳಬೇಕು. ತಿಂಗಳುಗಳ ಮೇಲೆ ಊಟಕ್ಕೆ ಕುಳಿತಾಗ, ಉಪ್ಪಿನಕಾಯಿ ವಾಸನೆಗೇ, ಆ ಕೆನ್ನೆ ಕೆಂಪಾಗಿ ಬೆವರಬಹುದು. ಜೊಲ್ಲಿಗೆ ಹೋಗುತ್ತಿದ್ದ ನರದ ಎಳೆಗಳು ಬೆಳೆಯುವಾಗ ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಳ್ಳುವುದರಿಂದ ಹೀಗಾಗುತ್ತದೆ. ಪೋಲೆಂಡಿನ ನರವೈದ್ಯೆ ಲೂಸಿಯಾ ಫ್ರೈ 1923ರಲ್ಲಿ ವಿವರಿಸಿದ್ದು ಇದನ್ನೇ, ಇಂದಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ಅಪಾಯವಿಲ್ಲ, ತೊಂದರೆ ಹೆಚ್ಚಾದರೆ ಬೊಟುಲಿನಮ್ ಚುಚ್ಚುಮದ್ದಿದೆ. ದವಡೆಯಡಿಯದಾದರೆ ಗಡ್ಡೆಯ ಜೊತೆ ಆ ಇಡೀ ಗ್ರಂಥಿಯನ್ನೇ ತೆಗೆಯುವುದು, ಉಳಿದ ಗ್ರಂಥಿಗಳಿರುವುದರಿಂದ ಬಾಯಿ ಒಣಗುವುದಿಲ್ಲ.

ಖರ್ಚಿನ ಹೆದರಿಕೆಯಿಂದ ಮುಂದೂಡುವವರಿಗೆ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ಆದ್ದರಿಂದ ಆಧಾರ್, ಪಡಿತರ ಚೀಟಿ ಹಿಡಿದು ಮೊದಲು ಅಲ್ಲಿಗೇ ಹೋಗುವುದು ಲೇಸು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ದಂತ ಕಾಲೇಜೂ ಇದೆ. ಸಕಲೇಶಪುರ, ಬೇಲೂರಿನವರು ಮೊದಲ ಪರೀಕ್ಷೆಗೇ ಬೆಂಗಳೂರಿನ ದಾರಿ ಹಿಡಿಯಬೇಕಾಗಿಲ್ಲ.

ಕೊನೆಯದಾಗಿ, ತೆಗೆದ ಗಂಟನ್ನು ಕಸದ ಬುಟ್ಟಿಗೆ ಹಾಕುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇನ್ನೂ ಉಳಿದಿದೆ ಎಂದು ಬೇಸರದಿಂದಲೇ ಬರೆಯುತ್ತಿದ್ದೇವೆ. ‘ಸಣ್ಣದು, ಏನಿಲ್ಲ’ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುವುದು ತಪ್ಪು. ಪ್ರತಿ ಕ್ಲಿನಿಕ್ಕಿನ ಕಪಾಟಿನಲ್ಲಿ ಅಗಲ ಬಾಯಿಯ ನಾಲ್ಕು ಫಾರ್ಮಲಿನ್ ಬಾಟಲಿ ಇರಲಿ. ಬಾಯಿಯಿಂದ ಏನನ್ನು ತೆಗೆದರೂ ‘ಪೆಥಾಲಜಿ ವರದಿ ಯಾವಾಗ ಬರುತ್ತದೆ’ ಎಂದು ರೋಗಿಗಳೂ ಸಂಕೋಚವಿಲ್ಲದೆ ಕೇಳಬೇಕು. ಪ್ಲಿಯೋಮಾರ್ಫಿಕ್ ಅಡಿನೋಮಾ ಎಂದು ವರದಿ ಬಂದವರು ಕನಿಷ್ಠ 10 ವರ್ಷ, ಮೊದಲು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಊರು ಬದಲಿಸಿದರೆ, ಅಥವಾ ಹಳೆಯ ಗಾಯದ ಜಾಗದಲ್ಲಿ ಮತ್ತೆ ಕಾಳಿನಂಥದ್ದು ಕೈಗೆ ಸಿಕ್ಕರೆ, ವರದಿಯ ಹಾಳೆಯ ಜೊತೆಗೆ ಲ್ಯಾಬಿನಿಂದ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆದು ಹೊಸ ವೈದ್ಯರಿಗೆ ಕೊಡಿ. ಮೇಣದಲ್ಲಿ ಹುದುಗಿಸಿದ ಆ ತುಣುಕು ವರ್ಷಗಳ ಮೇಲೂ ಕೆಡುವುದಿಲ್ಲ, ಅದರಿಂದ ಹೊಸ ಪದರ ಕೊಯ್ದು ಮತ್ತೆ ನೋಡಬಹುದು.

– ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ದಂತವೈದ್ಯರು